ಎಂಪೂಸಿಯ ಎಡಗಿವಿ

ಕತ್ತೆಗೇನು ಗೊತ್ತು ಕಾಯಿದೆಯ ಪರಿಮಳ ಎಂದು ಗಾದೆ. ಅದು ಕಸ್ತೂರಿ ಎಂದು ತಿದ್ದುವವರೂ ಇದ್ದಾರೆ. ಅವರು ನಮ್ಮ ಮಾಸಾಯಿ ಊರಾದ ಓಲ್ಚೋರೊ ಕಡೆ ಬಂದವರಲ್ಲ. ಇಲ್ಲಿ ಮನುಷ್ಯರೇ ಕಸ್ತೂರಿ ಮೂಸಿಲ್ಲ, ಇನ್ನು ಕತ್ತೆಯ ಮೂಗಿಗೆ ಎಲ್ಲಿಂದ ತರುವುದು. ಕಾಯಿದೆ ಮಾತ್ರ ಒಂದು ಸಲ ನಮ್ಮೂರಿನ ತನಕ ಬಂದಿತ್ತು, ಎರಡು ಜೀಪಿನಲ್ಲಿ, ಮಡಚುವ ಕುರ್ಚಿಗಳ ಸಮೇತ. ಆ ದಿನದ ಕತೆ ಹೇಳುತ್ತೇನೆ. ನಿಜವಾದದ್ದು. ನಾನು ಹೇಳಿದ್ದರಲ್ಲಿ ಅರ್ಧ ಕಳೆದು ಕೇಳುವುದು ನಮ್ಮ ಜನಕ್ಕೆ ರೂಢಿ. ಇದರಲ್ಲಿ ಏನನ್ನೂ ಕಳೆಯಬೇಡಿ. ಕಳೆಯಬೇಕಾದದ್ದೆಲ್ಲ ಆಗಲೇ ಕಳೆದುಹೋಗಿದೆ.

ನಾನು ಪರ್ಮುವಾತ್. ಪಶುವೈದ್ಯದಲ್ಲಿ ಎರಡು ವರ್ಷದ ಓದು ಓದಿ ಊರಿಗೆ ಬಂದಾಗ, ದನ ಕಾಯುವುದನ್ನು ಕಲಿಯಲು ಕಾಲೇಜಿಗೆ ಹೋದ ಮೊದಲ ಮಾಸಾಯಿ ನನ್ನ ಮಗ ಎಂದು ಅಪ್ಪ ಕಂಡಕಂಡವರಿಗೆಲ್ಲ ಹೇಳಿದ. ಕಾಲೇಜಿನಲ್ಲಿ ನಾನು ಚೆನ್ನಾಗಿ ಕಲಿತದ್ದು ಪ್ರಾಂಶುಪಾಲರ ಕೆಮ್ಮು, ವಾರ್ಡನ್ನನ ನಡಿಗೆ, ಅಡುಗೆಯವಳ ಬೈಗುಳ. ಅವನ್ನು ಮಾಡಿ ತೋರಿಸಿದರೆ ಊರು ನಗುತ್ತಿತ್ತು. ಪ್ರಾಣಿಗಳಲ್ಲಿ ಕತ್ತೆ ನನ್ನ ಕೈಹಿಡಿದ ವಿದ್ಯೆ. ಇಂಥವಳ ಕತ್ತೆ ಎಂದು ಹೇಳಿದರೆ ಸಾಕು, ಅದರ ಕೂಗನ್ನೇ ಕೂಗುತ್ತಿದ್ದೆ. ಇಂಥವಳ ಎಂದೆ. ನಮ್ಮಲ್ಲಿ ಹಸು ಗಂಡಸಿನದು, ಕತ್ತೆ ಹೆಂಗಸಿನದು. ಹಸುವಿಗೆ ಹಾಡು ಕಟ್ಟುತ್ತಾರೆ, ಕತ್ತೆಗೆ ನೀರಿನ ಕ್ಯಾನು ಕಟ್ಟುತ್ತಾರೆ.

ನೋಲಾರಿ ಅಜ್ಜಿಯ ಕತ್ತೆಯ ಹೆಸರು ಎಂಪೂಸಿ, ಬೂದುಬಣ್ಣದವಳು. ಅಜ್ಜಿಗೆ ಸೊಂಟದಲ್ಲಿ ನೋವು. ನೀರಿನ ಟ್ಯಾಂಕಿಗೆ ಹೋಗಿಬರಲು ನಾಲ್ಕು ಗಂಟೆಯ ದಾರಿ. ಸವತಿಯ ಮೊಮ್ಮಕ್ಕಳೆಲ್ಲ ಕುಡಿಯುವ ನೀರು ಎಂಪೂಸಿಯ ಬೆನ್ನಿನ ಮೇಲೆ ಬರುತ್ತಿತ್ತು. ಎಲ್ಲ ಕತ್ತೆಗಳ ಕೂಗೂ ಏರಿ, ಏರಿ, ಕೊನೆಗೆ ಗಾಳಿ ಬಿಟ್ಟ ಚಕ್ರದ ಹಾಗೆ ಇಳಿಯುತ್ತದೆ. ಎಂಪೂಸಿ ಮಾತ್ರ ನಡುವೆ ಒಮ್ಮೆ ಬಿಕ್ಕುತ್ತಿದ್ದಳು, ಹೇಳುತ್ತಿದ್ದುದು ಮರೆತುಹೋಯಿತೇನೋ ಎನ್ನುವ ಹಾಗೆ. ಆಮೇಲೆ ಮತ್ತೆ ಮೊದಲಿನಿಂದ ಶುರು. ಆ ಬಿಕ್ಕನ್ನು ಗಂಟಲಿಗೆ ತಂದುಕೊಳ್ಳಲು ನನಗೆ ಒಂದು ಮಳೆಗಾಲವೇ ಹಿಡಿದಿತ್ತು. ಬೇಲಿಯ ಹಿಂದೆ ಕೂತು ಕೂಗುತ್ತಿದ್ದೆ. ಅಜ್ಜಿ, ಬಂದೆ ತಡಿಯೇ ಎನ್ನುತ್ತ ಹೊರಗೆ ಬಂದರೆ ಎಂಪೂಸಿ ಬಾಯಿ ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದಳು. ಅಜ್ಜಿ ಕೋಲು ಹಿಡಿದು ಬೇಲಿಯ ಸುತ್ತ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದಳು. ಇನ್ನೊಂದು ಸಲ ಕೂಗಿದರೆ ಕ್ಯಾನುಗಳನ್ನು ನಿನ್ನ ಬೆನ್ನಿಗೇ ಕಟ್ಟುತ್ತೇನೆ ಎಂದು ಹೆದರಿಸಿದ್ದಳು.

ಆಮೇಲೆ ಹೆದ್ದಾರಿಯ ಪಕ್ಕ ಕತ್ತೆಗಳ ಕಸಾಯಿಖಾನೆ ಬಂತು. ಮಾಂಸ ಯಾರಿಗೂ ಬೇಕಿರಲಿಲ್ಲ. ಚರ್ಮ ಹಡಗು ಹತ್ತಿ ಎಲ್ಲಿಗೋ ಹೋಗುತ್ತಿತ್ತು; ಅಲ್ಲಿ ಅದನ್ನು ಕುದಿಸಿ ಮುಖದ ಸುಕ್ಕು ಹೋಗುವ ಮದ್ದು ಮಾಡುತ್ತಾರಂತೆ. ಮೊದಮೊದಲು ಸಂತೆಯಲ್ಲಿ ಕೊಂಡರು. ಸಂತೆಯಲ್ಲಿ ಕತ್ತೆ ಮುಗಿದ ಮೇಲೆ ನಮ್ಮ ದೊಡ್ಡಿಗಳಿಂದ ಕತ್ತೆಗಳು ಕಾಣೆಯಾಗತೊಡಗಿದವು. ಬೆಳಿಗ್ಗೆ ನೀರಿಗೆ ಹೊರಟ ಹೆಂಗಸರಿಗೆ ಕೊರಕಲಿನಲ್ಲಿ ಹದ್ದುಗಳು ಕಾಣುತ್ತಿದ್ದವು. ಇಳಿದು ನೋಡಿದರೆ ಚರ್ಮ ಸುಲಿದ ಮೈ. ಯಾರದೆಂದು ಗುರುತಿಸಲು ಬಣ್ಣವೂ ಉಳಿದಿರುತ್ತಿರಲಿಲ್ಲ. ಇನ್ನು ಕೆಲವು ಕಾಲಿನ ಮೇಲೆ ನಡೆಯುತ್ತಲೇ ಲಾರಿ ಹತ್ತಿ ಹೋಗಿರುತ್ತಿದ್ದವು. ಕತ್ತೆ ಹೋದ ಮನೆಯಲ್ಲಿ ಕ್ಯಾನು ಹೆಂಗಸಿನ ಬೆನ್ನಿಗೆ ಬರುತ್ತಿತ್ತು, ಅದನ್ನು ತೂಗುವ ಪಟ್ಟಿ ಹಣೆಗೆ. ಹುಡುಗಿಯರು ಶಾಲೆ ಬಿಟ್ಟು ಎರಡನೆಯ ಕ್ಯಾನು ಹೊತ್ತರು.

ರೆಸನ್ ಎಂಬವಳು ಕತ್ತೆ ಉಳಿಸುವ ಸಂಘ ಕಟ್ಟಿದ್ದು ಆಗ. ನಮ್ಮೂರಿನವಳೇ, ನೈರೋಬಿಯಲ್ಲಿ ವಕೀಲಿ ಓದಿದವಳು. ಇಬ್ಬರಿಗೂ ಓದಿ ಕೆಟ್ಟವರು ಎಂಬ ಹೆಸರಿದ್ದುದರಿಂದ ನನ್ನನ್ನು ಜೊತೆಗೆ ಸೇರಿಸಿಕೊಂಡಳು. ಹಳೆಯ ಕಾಯಿದೆಯಲ್ಲಿ ಕಡಿಯಬಹುದಾದ ಪ್ರಾಣಿಗಳ ಪಟ್ಟಿಯೊಂದಿದೆ. ಅದರಲ್ಲಿ ಕತ್ತೆ ಎಂಬ ಪದ ಕೂತಿದೆ. ನಾವು ಹೊಸದೇನನ್ನೂ ಕೇಳುತ್ತಿಲ್ಲ, ಒಂದು ಪದ ಅಳಿಸಿ ಎಂದು ಕೇಳುತ್ತಿದ್ದೇವೆ, ಅದು ಅಳಿಯುವ ತನಕ ಕಸಾಯಿಖಾನೆಯ ಪರವಾನಗಿ ತಡೆಹಿಡಿಯಿರಿ ಎಂದು ಅವಳು ಮನವಿ ಬರೆದಳು.

ಮನವಿಯ ಜೊತೆ ಒಂದು ನಮೂನೆ ತುಂಬಬೇಕಿತ್ತು. ಎಷ್ಟು ಕತ್ತೆ ಇದ್ದವು, ಎಷ್ಟು ಹೋದವು. ಅದನ್ನು ಹಿಡಿದು ನಾನು ಮನೆಮನೆ ತಿರುಗಿದೆ. ಜೀವ ಇರುವುದನ್ನು ನಮ್ಮಲ್ಲಿ ಎಣಿಸುವುದಿಲ್ಲ. ಎಣಿಸಿದ ಕರುಳಕುಡಿಗೆ, ಎಣಿಸಿದ ಕರುವಿಗೆ ಕಣ್ಣು ಬೀಳುತ್ತದೆ. ಎಷ್ಟು ಎಂದು ಕೇಳಿದರೆ ಒಬ್ಬಳು, ದೇವರಿಗೆ ಗೊತ್ತಿರುವಷ್ಟು ಎಂದಳು. ಪಕ್ಕದ ಮನೆಯ ಸಿಮಾಲೋಯಿ, ಮೊದಲು ನೀನು ನಿಮ್ಮಮ್ಮನ ಮಕ್ಕಳನ್ನು ಎಣಿಸಿ ಹೇಳು, ಆಮೇಲೆ ನನ್ನ ಕತ್ತೆಯ ಸುದ್ದಿಗೆ ಬಾ ಎಂದಳು. ರೆಸನ್ನಳ ತಾಯಿಯೇ ಮಗಳನ್ನು ಬೈದು ಬಾಗಿಲು ಹಾಕಿಕೊಂಡಳು. ಹೀಗೆ ಅಂಕಿಯ ಜಾಗ ಖಾಲಿ ಬಿಟ್ಟ ಮನವಿ ಹೋಯಿತು, ಖಾಲಿ ಕೈಯಲ್ಲಿ ಬಂತು. ನಷ್ಟದ ಪ್ರಮಾಣ ನಮೂದಾಗಿಲ್ಲ ಎಂದು ಮೇಲೆ ಷರಾ. ಅಂತೂ ಎರಡನೆಯ ಸಲ ಕಳಿಸಿದಾಗ, ಜಿಲ್ಲೆಯನ್ನಾಳುವ ಕೌಂಟಿ ಸಭೆಯ ಸಮಿತಿಯೇ ಊರಿಗೆ ಬಂದು ಹೆಂಗಸರ ಮಾತು ಕೇಳುತ್ತದೆ ಎಂದು ಉತ್ತರ ಬಂತು.

ಉತ್ತರ ಬಂದ ವಾರದಲ್ಲೇ ಎಂಪೂಸಿ ಕಾಣೆಯಾದಳು.

ನೋಲಾರಿ ಕೊರಕಲುಗಳನ್ನೆಲ್ಲ ಹುಡುಕಿದಳು. ಮೈ ಸಿಗಲಿಲ್ಲ. ಸಿಗದಿದ್ದರೆ ಸತ್ತಿಲ್ಲ ಎಂದೂ ಹೇಳಬಹುದು, ಲಾರಿ ಹತ್ತಿದಳು ಎಂದೂ ಹೇಳಬಹುದು. ಅಜ್ಜಿ ಎರಡನ್ನೂ ಹೇಳಲಿಲ್ಲ. ಕ್ಯಾನನ್ನು ಬೆನ್ನಿಗೆ ಹಾಕಿಕೊಂಡು, ಪಟ್ಟಿಯನ್ನು ಹಣೆಗೆ ಕೊಟ್ಟುಕೊಂಡು, ಕಣ್ಣಿಗೆ ತನ್ನ ಪಾದ ಬಿಟ್ಟು ಬೇರೇನೂ ಕಾಣದಷ್ಟು ಬಾಗಿ ನಡೆಯತೊಡಗಿದಳು. ಯಾರು ಮಾತಾಡಿಸಿದರೂ ನಡಿಗೆ ನಿಲ್ಲಲಿಲ್ಲ.

ಹತ್ತು ದಿನ ಕಳೆದಿತ್ತು. ಟ್ಯಾಂಕಿನ ಹತ್ತಿರ ಮಧ್ಯಾಹ್ನದ ಬಿಸಿಲಿನಲ್ಲಿ ಹೆಂಗಸರು ಸರದಿಗೆ ಕಾದು ಕೂತಿದ್ದರು. ಇವನ ಬಾಯಿಗೂ ಬೀಗ ಬಿತ್ತೇನೋ, ಹೊತ್ತು ಹೋಗುವ ಹಾಗೆ ಯಾರನ್ನಾದರೂ ಮಾಡಿ ತೋರಿಸು ಎಂದು ಸಿಮಾಲೋಯಿ ಕೆಣಕಿದಳು. ನಾನು ಊರ ಮುಖ್ಯಸ್ಥನನ್ನು ಮಾಡಿದೆ. ಪಾದ್ರಿ ದೆವ್ವ ಬಿಡಿಸುವುದನ್ನು ಮಾಡಿದೆ, ಬಿಟ್ಟುಹೋದ ದೆವ್ವವನ್ನೂ ಮಾಡಿದೆ. ಬಹಳ ದಿನದ ಮೇಲೆ ಅಲ್ಲಿ ನಗು ಹುಟ್ಟಿತು. ಆಗಷ್ಟೇ ತುಂಬಿದ ಕ್ಯಾನು ಹೊತ್ತು ನೋಲಾರಿ ಇಳಿಜಾರಿನಲ್ಲಿ ಮನೆಯ ಕಡೆ ಹೋಗುತ್ತಿದ್ದಳು. ಬೆನ್ನು ನಮ್ಮ ಕಡೆ. ಒಂದು ಸಲ ಇವಳನ್ನೂ ನಗಿಸಬೇಕು ಅನ್ನಿಸಿತು. ಮುಂಚಿನ ಹಾಗೆ ತಿರುಗಿ, ಥೂ ನಿನ್ನ ಎಂದು ಕಲ್ಲು ಹಿಡಿದು ಅಟ್ಟಿಸಿಕೊಂಡು ಬಂದರೂ ಸಾಕು. ಜಾಲಿಯ ಪೊದೆಯ ಹಿಂದೆ ನುಸುಳಿ ಎಂಪೂಸಿಯನ್ನು ಕೂಗಿದೆ, ಬಿಕ್ಕಿನ ಸಮೇತ.

ಅಜ್ಜಿ ನಿಂತಳು. ಪಟ್ಟಿ ಹಣೆಯಿಂದ ಜಾರಿತು. ಕ್ಯಾನು ಬಿದ್ದು ಉರುಳಿ ನೀರೆಲ್ಲ ಮಣ್ಣಿಗೆ ಹೋಯಿತು. ನೀರು ಚೆಲ್ಲಿದರೆ ತಿರುಗಿ ನೋಡದ ಹೆಂಗಸು ನಮ್ಮಲ್ಲಿ ಇಲ್ಲ, ಅವಳು ನೋಡಲಿಲ್ಲ. ಪೊದೆಯ ಈಚೆ ನಾನು ಕೂಗಿದ್ದು ಅವಳಿಗೆ ಕೊರಕಲಿನ ಆಚೆಯಿಂದ ಮರುದನಿಯಾಗಿ ಕೇಳಿಸಿರಬೇಕು. ಎಂಪೂಸೀ ಎಂದು ಕರೆಯುತ್ತ, ಆ ಸೊಂಟ ಇಟ್ಟುಕೊಂಡು, ಕೊರಕಲಿಗೆ ಓಡಿದಳು.

ಸಿಮಾಲೋಯಿ ನಗುವುದನ್ನು ನಿಲ್ಲಿಸಿದಳು. "ಹೋಗಿ ಹೇಳು," ಎಂದಳು.

"ನೀನೇ ಹೇಳಕ್ಕಾ."

"ನಾನು ಹೇಳಿದ್ರೆ ಚಾಡಿ ಆಗುತ್ತೆ. ಮಾಡಿದವನು ನೀನು. ನಿನ್ನ ಬಾಯಿಂದಾನೇ ಬರಬೇಕು."

ಮರುದಿನ ಬೆಳಿಗ್ಗೆ ಹೇಳಲೆಂದೇ ಹೋದೆ. ದೊಡ್ಡಿ ಗುಡಿಸಿತ್ತು. ಎಂಪೂಸಿಗೆ ಉಪ್ಪು ಇಡುವ ಕಲ್ಲು ತೊಳೆದಿತ್ತು. ಅಜ್ಜಿಯ ಪಾದಗಳಲ್ಲಿ ಮುಳ್ಳಿನ ಗೀರು, ಮುಖದಲ್ಲಿ ಬೆಳಕು. ತಲೆ ಬಾಗಿಸಿದೆ, ಅಂಗೈಯನ್ನು ನೆತ್ತಿಯ ಮೇಲಿಟ್ಟು ಹರಸಿದಳು. ಸೋರೆಬುರುಡೆಯಲ್ಲಿ ಹಾಲು ಕೊಟ್ಟಳು. ಕಳ್ಳರ ಹಗ್ಗ ಕಿತ್ತುಕೊಂಡು ಬಂದಿರಬೇಕು, ಹೆದರಿ ಮನುಷ್ಯರ ಹತ್ತಿರ ಸುಳಿಯುತ್ತಿಲ್ಲ ಎಂದು ವಿವರಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ, "ಮನೆಗೆ ಬರದಿದ್ರೂ ಚಿಂತೆಯಿಲ್ಲ ಕಣೋ," ಎಂದಳು. "ಎಲ್ಲೋ ಒಂದ್ಕಡೆ ಮೇಯ್ಕೊಂಡಿದಾಳಲ್ಲ. ಅಷ್ಟು ಸಾಕು."

ಹಾಲು ಕುಡಿದು ಎದ್ದು ಬಂದೆ.

ವಿಚಾರಣೆ ಗುರುವಾರ ಇತ್ತು. ಭಾನುವಾರ ರೆಸನ್ ಬಂದು ಒಂದು ಸುದ್ದಿ ಹೇಳಿದಳು. ತಿಂಗಳ ಮೊದಲಲ್ಲಿ ತಪಾಸಣೆಗೆ ಹೋಗಿದ್ದ ಪಶುವೈದ್ಯರಿಗೆ ಕಸಾಯಿಖಾನೆಯ ಹಿಂದಿನ ಗುಂಡಿಯಲ್ಲಿ ಒಂದು ಕಿವಿ ಸಿಕ್ಕಿದೆ, ಉಪ್ಪು ಹಾಕಿ ಮೊಹರು ಮಾಡಿ ಇಟ್ಟಿದ್ದಾರೆ. ಸಂತೆಯಲ್ಲಿ ಚೀಟಿ ಪಡೆದು ಕೊಂಡದ್ದನ್ನು ಬಿಟ್ಟು ಒಂದು ಕತ್ತೆಯೂ ನಮ್ಮ ಗೇಟಿನೊಳಗೆ ಬಂದಿಲ್ಲ ಎಂದು ಕಸಾಯಿಖಾನೆಯವರು ಬರೆದುಕೊಟ್ಟಿದ್ದಾರೆ. ಊರಿನ ಒಬ್ಬಳು, ಒಬ್ಬಳೇ ಒಬ್ಬಳು, ಈ ಕಿವಿ ನನ್ನ ಕತ್ತೆಯದು, ನಾನು ಮಾರಿದ್ದಲ್ಲ ಎಂದು ಹೇಳಿದರೆ ಆ ಬರಹ ಸುಳ್ಳಾಗುತ್ತದೆ, ಪರವಾನಗಿ ನಿಲ್ಲುತ್ತದೆ. ಅಂಕಿ ಕೊಡಲಾಗದ ಊರಿಗೆ ಉಳಿದಿರುವುದು ಅದೊಂದೇ ದಾರಿ.

ಎಂಥ ಕಿವಿ ಎಂದು ಕೇಳಿದೆ. ಎಡಗಿವಿ. ಕೆಳಗೆ ಕುಲದ ಗುರುತಿಗೆ ಕೊಯ್ದ ಎರಡು ಕಚ್ಚು, ಅದು ನೂರಾರು ಕತ್ತೆಗಳಿಗೆ ಇರುತ್ತದೆ. ತುದಿಯಲ್ಲಿ ಒಡತಿಯ ಕಚ್ಚು, ಮೂರನೆಯದು, ಉಗುರು ಒತ್ತಿದ ಹಾಗೆ ಬಾಗಿದೆ. ಅದು ಯಾರದೆಂದು ರೆಸನ್ನಳಿಗೆ ಗೊತ್ತಿರಲಿಲ್ಲ. ಎಂಪೂಸಿಯ ಆ ಕಿವಿಯಿಂದ ಉಣ್ಣೆಹುಳ ಕಿತ್ತವನು ನಾನು.

ಅಜ್ಜಿಗೆ ಸೋಮವಾರ ಹೇಳುತ್ತೇನೆ ಅಂದುಕೊಂಡೆ. ಸೋಮವಾರ ಮಂಗಳವಾರವಾಯಿತು. ಬುಧವಾರ ಅವಳ ಬೇಲಿಯ ತನಕ ಹೋಗಿ, ಒಳಗೆ ಅವಳು ಮಕ್ಕಳಿಗೆ ಎಂಪೂಸಿ ಮರಿಯಾಗಿದ್ದಾಗಿನ ಕತೆ ಹೇಳುತ್ತಿದ್ದುದನ್ನು ಕೇಳಿ ಹಿಂದಿರುಗಿದೆ. ಊರಿನ ಎಲ್ಲರ ದನಿಯೂ ನನ್ನ ಗಂಟಲಲ್ಲಿತ್ತು. ನನ್ನ ದನಿಯೊಂದು ಬರಲಿಲ್ಲ.

ಗುರುವಾರ ಸಮಿತಿಯವರು ದೊಡ್ಡ ಅತ್ತಿಮರದ ಕೆಳಗೆ ಕುರ್ಚಿ ಬಿಡಿಸಿ ಕೂತರು. ಎದುರಿಗೆ ನೆಲದಲ್ಲಿ ಹೆಂಗಸರು. ಉಳಿದ ಕತ್ತೆಗಳು ಆಚೆ ಜಾಲಿಮರಗಳಿಗೆ ಕಟ್ಟಿದ್ದವು. ಅಧ್ಯಕ್ಷರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸಲು ನಡುವೆ ನಿಂತವನು ನಾನೇ. ಕಸಾಯಿಖಾನೆಯ ಪರ ನೀಲಿ ಸೂಟಿನ ವಕೀಲನೊಬ್ಬ ಬಂದಿದ್ದ. ಎಷ್ಟು ಕಳೆದುಕೊಂಡಿರಿ ಎಂದು ಕೇಳಿದ. ಹೆಂಗಸರು ನೆಲ ನೋಡಿದರು. ನೋಡಿ, ಒಂದಂಕಿಯೂ ಇಲ್ಲ ಎಂದು ಅವನು ಸಮಿತಿಯ ಕಡೆ ಕೈಚೆಲ್ಲಿದ.

ಗುಮಾಸ್ತ ಡಬ್ಬಿಯ ಮೊಹರು ಒಡೆದು ಕಿವಿಯನ್ನು ತಟ್ಟೆಯಲ್ಲಿಟ್ಟ. ಒಣಗಿ ಎಲೆಯ ಹಾಗೆ ಮುದುಡಿತ್ತು. ತಟ್ಟೆ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬಳೂ ನೋಡಿದಳು, ತಲೆಯಾಡಿಸಿದಳು, ಮುಂದಕ್ಕೆ ಕೊಟ್ಟಳು. ನೋಲಾರಿಯ ಕೈಯಲ್ಲಿ ಅದು ಬಹಳ ಹೊತ್ತು ನಿಂತಿತು. ಹೆಬ್ಬೆರಳಿನಿಂದ ಅಂಚನ್ನು ಸವರಿದಳು. ಕಚ್ಚು ತನ್ನದರ ಹಾಗೆಯೇ ಇದೆ ಎಂದಳು. ಆಮೇಲೆ, "ಆದ್ರೆ ನಂದಲ್ಲ," ಎಂದಳು. "ನನ್ನವಳು ಬದುಕಿದಾಳೆ. ಹೋದ ವಾರ ನನ್ನ ಕಿವಿಯಾರೆ ಕೇಳಿದೀನಿ."

ಅದನ್ನು ನಾನು ದಾಟಿಸಬೇಕಿತ್ತು. ದಾಟಿಸಿದೆ. ವಕೀಲನ ಮುಖ ಅರಳಿತು. ಕತ್ತೆಯನ್ನು ಬರೀ ಕೂಗಿನಿಂದ ಗುರುತು ಹಿಡಿಯುತ್ತೀರಾ ಎಂದು ಬಹಳ ಮರ್ಯಾದೆಯಿಂದ ಕೇಳಿದ.

"ನಿನ್ನ ಹೆಂಡತಿ ಕೆಮ್ಮಿದ್ರೆ ನಿಂಗೆ ಗೊತ್ತಾಗಲ್ವೇನಪ್ಪ?"

ಅದನ್ನೂ ದಾಟಿಸಿದೆ. ಸಮಿತಿ ನಕ್ಕಿತು. ವಕೀಲನೂ ನಕ್ಕ. ಕೂಗು ಕೇಳಿದ್ದು ಕಿವಿ ಸಿಕ್ಕ ತಪಾಸಣೆಯ ನಂತರ, ಅವಳ ಕತ್ತೆ ಬದುಕಿದೆ. ಅಂದರೆ ಇಂಥ ಕಚ್ಚು ಬೇರೆ ಕತ್ತೆಗಳಿಗೂ ಇರುತ್ತದೆ, ಈ ಕಿವಿ ಯಾರದೂ ಆಗಬಹುದು ಎಂದು ಬರೆದುಕೊಳ್ಳಲು ಕೇಳಿಕೊಂಡ. ಗುಮಾಸ್ತ ಡಬ್ಬಿಯ ಮುಚ್ಚಳ ಹುಡುಕಿದ. ರೆಸನ್ ಕಾಗದಗಳನ್ನು ಜೋಡಿಸುತ್ತಿದ್ದಳು. ಸಿಮಾಲೋಯಿ ನನ್ನನ್ನೇ ನೋಡುತ್ತಿದ್ದಳು.

"ಅಜ್ಜೀ," ಎಂದೆ. "ಅವತ್ತು ಕೂಗಿದ್ದು ನಾನು."

ಅವಳು ನನ್ನನ್ನು ನೋಡಿದಳು, ರೆಸನ್ನಳನ್ನು ನೋಡಿದಳು. "ಅರ್ಜಿ ಗೆಲ್ಲಲಿ ಅಂತ ಹೇಳ್ತಿದೀಯ."

"ಇಲ್ಲ ಅಜ್ಜಿ."

"ನಿನ್ನ ಬಾಯಲ್ಲಿ ಯಾವತ್ತು ನಿಜ ಬಂದಿದೆ? ಸುಮ್ನಿರು."

ದುಭಾಷಿಯೇ ಸಾಕ್ಷಿ ಹೇಳುತ್ತಿದ್ದಾನೆ ಎಂದು ವಕೀಲ ಎದ್ದುನಿಂತ. ಅಧ್ಯಕ್ಷರು ನನಗೆ ಕೂರಲು ಸನ್ನೆ ಮಾಡಿದರು. ಮಾತಿನಿಂದ ಆಗುವ ಕೆಲಸ ಮುಗಿದಿತ್ತು. ನಾನು ಕುರ್ಚಿಗಳಿಗೆ ಬೆನ್ನು ಹಾಕಿ, ಅಜ್ಜಿಯ ಎದುರು ನಿಂತು, ಕತ್ತು ಚಾಚಿ ಕೂಗಿದೆ. ಏರಿಸಿದೆ, ನಡುವೆ ಬಿಕ್ಕಿದೆ, ಮತ್ತೆ ಮೊದಲಿನಿಂದ ಶುರುಮಾಡಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಕೂಗಿರಲಿಲ್ಲ. ಜಾಲಿಮರಗಳ ಕೆಳಗಿದ್ದ ಕತ್ತೆಗಳೆಲ್ಲ ತಲೆಯೆತ್ತಿ ಮರುಕೂಗು ಕೊಟ್ಟವು. ಮಕ್ಕಳು ಬಿದ್ದು ಬಿದ್ದು ನಕ್ಕವು. ಅಧ್ಯಕ್ಷರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು, ಹೊಟ್ಟೆ ಕುಣಿಯುತ್ತಿತ್ತು. ನೆಲದಲ್ಲಿ ಕೂತಿದ್ದ ಹೆಂಗಸರು ಯಾರೂ ನಗಲಿಲ್ಲ.

ನೋಲಾರಿಯ ಮುಖದಿಂದ ಬೆಳಕು ಒಂದೇ ಸಲಕ್ಕೆ ಹೋಗಲಿಲ್ಲ. ನೀರು ಇಂಗುವ ಹಾಗೆ, ಅಂಚಿನಿಂದ ಹೋಯಿತು.

ಎದ್ದು ಬಂದು ಡಬ್ಬಿಯಿಂದ ಕಿವಿಯನ್ನು ತಾನೇ ತೆಗೆದುಕೊಂಡಳು. ನನ್ನನ್ನು ನೋಡದೆ, ನಿಧಾನವಾಗಿ, ನಾನು ಒಂದೊಂದನ್ನೂ ದಾಟಿಸಲು ಬಿಡುವು ಕೊಟ್ಟು ಹೇಳಿದಳು. ಇದು ತನ್ನ ಕತ್ತೆಯದು. ಮೂರನೆಯ ಕಚ್ಚನ್ನು ಬ್ಲೇಡಿನಿಂದ ಹಾಕಿದ್ದು ತಾನು. ಅದು ಬಾಗಿರುವುದು ಮರಿ ಒದ್ದು ಕೈ ಜಾರಿದ್ದರಿಂದ. ತಾನು ಯಾರಿಗೂ ಮಾರಿಲ್ಲ. ಗುಮಾಸ್ತ ಬರೆದುಕೊಂಡ. ಅವಳು ಹೆಬ್ಬೆಟ್ಟು ಒತ್ತಿದಳು.

ಆ ಹೆಬ್ಬೆಟ್ಟಿನಿಂದ ತಿಂಗಳೊಳಗೆ ಕಸಾಯಿಖಾನೆಯ ಪರವಾನಗಿ ನಿಂತಿತು. ಕಾಯಿದೆಯಲ್ಲಿ ಆ ಪದ ಮಾತ್ರ ಇನ್ನೂ ಕೂತಿದೆ. ರೆಸನ್ ಈಗಲೂ ಅದರ ಬೆನ್ನು ಬಿಟ್ಟಿಲ್ಲ. ಆದರೆ ಇವೆಲ್ಲ ಆಮೇಲಿನ ಮಾತು.

ಅವತ್ತು ಹೆಬ್ಬೆಟ್ಟಿನ ಮಸಿ ಒರೆಸಿಕೊಂಡ ಮೇಲೆ ಅಜ್ಜಿ ಕಿವಿಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳಲು ಹೋದಳು. ಗುಮಾಸ್ತ ಮೆಲ್ಲಗೆ ಬಿಡಿಸಿಕೊಂಡ. ಅದು ಸಾಕ್ಷಿ, ಸರ್ಕಾರದ್ದು ಎಂದು ಅವನು ಹೇಳಿದ್ದನ್ನೂ ನಾನೇ ಅವಳಿಗೆ ದಾಟಿಸಿದೆ. ಡಬ್ಬಿ ಜೀಪಿನೊಳಗೆ ಹೋಯಿತು, ಕುರ್ಚಿಗಳು ಹೋದವು, ಧೂಳು ಇಳಿಯಿತು. ನಾನು ಮರದ ಬೇರಿನ ಮೇಲೆ ಕೂತಿದ್ದೆ. ಅವಳು ಬಂದು ಎದುರು ನಿಂತಳು. ತಲೆ ಬಾಗಿಸಿದೆ. ಅಂಗೈ ನೆತ್ತಿಗೆ ಬರಲಿಲ್ಲ.

"ಅವಳದು ಅಂತ ನಂಗೆ ಏನೂ ಬಿಡಲಿಲ್ಲ," ಎಂದಳು. "ಇನ್ನೊಂದ್ಸಲ ಕೂಗು."

ಆಗುವುದಿಲ್ಲ ಎಂದೆ.

"ಕೇಳದೆ ಇದ್ದಾಗ ಕೂಗ್ದೆ. ಈಗ ಕೇಳ್ತಿದೀನಿ. ಕೂಗು."

ಹೆಂಗಸರು ಸುತ್ತ ನಿಂತಿದ್ದರು. ಎದ್ದು ಕತ್ತು ಚಾಚಿದೆ. ಮೊದಲ ಏರು ಹೇಗೋ ಬಂತು. ಬಿಕ್ಕಿನ ಜಾಗಕ್ಕೆ ಬಂದಾಗ ನನಗೇ ನಿಜವಾದ ಬಿಕ್ಕು ಬಂತು. ಮುಂದಕ್ಕೆ ಹೊರಟದ್ದು ಕತ್ತೆಯ ಕೂಗಲ್ಲ. ಕೆಮ್ಮುವ ಮೇಕೆಯದೋ, ಕಾಲು ತುಳಿಸಿಕೊಂಡ ಕೋಳಿಯದೋ ಯಾವುದೋ ಒಂದು ಸದ್ದು. ಮರಗಳ ಕೆಳಗಿನ ಕತ್ತೆಗಳು ತಲೆಯನ್ನೂ ಎತ್ತಲಿಲ್ಲ.

ಅಜ್ಜಿ ನನ್ನ ಬಾಯಿಯನ್ನೇ ನೋಡಿದಳು.

"ಥೂ," ಎಂದಳು. "ಚರ್ಮ ಸುಲಿಯುವಾಗಲೂ ಅವಳು ಇಷ್ಟು ಕೆಟ್ಟದಾಗಿ ಕೂಗಿರಲಿಕ್ಕಿಲ್ಲ ಕಣೋ."

ಹೇಳಿದ್ದು ತನ್ನ ಕಿವಿಗೇ ಬಿದ್ದು ಅವಳ ತುಟಿ ಅದುರಿತು. ಸಿಮಾಲೋಯಿ ತಡೆದುಕೊಳ್ಳಲು ನೋಡಿ ಸೋತಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಅಷ್ಟರಲ್ಲಿ ನೋಲಾರಿ ಸೊಂಟ ಹಿಡಿದುಕೊಂಡು ಬೇರಿನ ಮೇಲೆ ಕುಸಿದು ಕೂತು ನಗತೊಡಗಿದ್ದಳು. ಕಣ್ಣು ಮೂಗುಗಳಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ನಕ್ಕಳು. ಉಳಿದವರ ನಗು ಒಂದೊಂದಾಗಿ ನಿಂತ ಮೇಲೂ ನಕ್ಕಳು, ನಮ್ಮೆಲ್ಲರಿಗಿಂತ ಜೋರಾಗಿ.